ಗಡಿ ಸರಿದರೂ ಸರಿಯದ ಮಲ್ಲಯ್ಯನ ದಾರಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ ಸೀಮೆಯ ಊರುಗಳಿಂದ ಪ್ರತಿವರ್ಷ ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಯನ್ನು ಸಾಮಾನ್ಯವಾಗಿ ಭಕ್ತಿಯ ದೃಷ್ಟಿಯಿಂದ ಮಾತ್ರ ವಿವರಿಸಲಾಗುತ್ತದೆ. ಅದು ಭಾರತದ ಹಲವು ರಾಜ್ಯಗಳನ್ನು ಕಾಲ್ನಡಿಗೆಯಲ್ಲಿ ಹಾಯುವ, ಇಂದಿಗೂ ಜೀವಂತವಾಗಿರುವ ದೂರದ ದಾರಿಗಳಲ್ಲಿ ಒಂದು ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಬಾಗೇವಾಡಿ ಸೀಮೆಯ ಮಸೂತಿಯಂಥ ಊರಿನಿಂದ ಹೊರಟ ಯಾತ್ರಿಕರು ಕೃಷ್ಣೆಯನ್ನು ದಾಟಿ, ರಾಯಚೂರು ಜಿಲ್ಲೆಯನ್ನು ಹಾಯ್ದು, ತೆಲಂಗಾಣದ ಒಂದು ಮೂಲೆಯನ್ನು ಮೆಟ್ಟಿ, ತುಂಗಭದ್ರೆಯಾಚೆ ಆಂಧ್ರಪ್ರದೇಶವನ್ನು ಹೊಕ್ಕು, ನಲ್ಲಮಲ ಅಡವಿಯ ನಡುವೆ ಮಲ್ಲಯ್ಯನ, ಎಂದರೆ ಮಲ್ಲಿಕಾರ್ಜುನನ, ಬೆಟ್ಟವನ್ನು ಸೇರುತ್ತಾರೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ಮೊದಲಾದ ಕನ್ನಡ ಮಾತಿನ ಗಡಿ ತಾಲ್ಲೂಕುಗಳಿಂದ ಹೊರಟವರಿಗೆ ಈ ಲೆಕ್ಕಕ್ಕೆ ಮಹಾರಾಷ್ಟ್ರವೂ ಸೇರಿ ರಾಜ್ಯಗಳು ನಾಲ್ಕಾಗುತ್ತವೆ.

ರಾಜ್ಯಗಳನ್ನು ಹೀಗೆ ಎಣಿಸುವ ರೂಢಿ ಯಾತ್ರಿಕರಲ್ಲಿಲ್ಲ. ಅವರ ಎಣಿಕೆ ಮುಕ್ಕಾಮುಗಳದ್ದು, ನೀರಿನ ತಾಣಗಳದ್ದು, ಉಳಿದ ದಿನಗಳದ್ದು. ಆದರೆ ರಾಜ್ಯದ ಎಣಿಕೆಯನ್ನೇ ಗುರಿಯಾಗಿಸಿಕೊಂಡ ನಡಿಗೆಯೊಂದು ಜಗತ್ತಿನ ಇನ್ನೊಂದು ಮಗ್ಗುಲಲ್ಲಿ ಪ್ರಸಿದ್ಧವಾಗಿದ್ದು, ಅದರ ಪಕ್ಕದಲ್ಲಿಟ್ಟು ನೋಡಿದಾಗ ಶ್ರೀಶೈಲದ ದಾರಿಯ ಸ್ವರೂಪವೂ ಅದರ ಕೊರತೆಯೂ ಹೆಚ್ಚು ಸ್ಪಷ್ಟವಾಗುತ್ತವೆ.

ಒಂದು ದಿನ, ನಾಲ್ಕು ರಾಜ್ಯ

ಅಮೆರಿಕದ ಪೂರ್ವಭಾಗದ ಬೆಟ್ಟಸಾಲಿನ ನೆತ್ತಿಯ ಮೇಲೆ ಸಾಗುವ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿ ದಕ್ಷಿಣದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳಲ್ಲಿ, ಸುಮಾರು 3,500 ಕಿಲೋಮೀಟರ್ ಹಬ್ಬಿದೆ. ಬೆಂಟನ್ ಮೆಕಾಯ್ ಎಂಬ ಅರಣ್ಯ ಯೋಜಕನು 1921ರಲ್ಲಿ ಮುಂದಿಟ್ಟ ಕಲ್ಪನೆ 1937ರಲ್ಲಿ ಪೂರ್ಣ ದಾರಿಯಾಗಿ ಕೈಗೂಡಿತು. ಅರ್ಲ್ ಶೇಫರ್ ಎಂಬಾತ 1948ರಲ್ಲಿ ಅದನ್ನು ಒಂದೇ ಋತುವಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಿದ ಮೇಲೆ ಅಂಥ ನಡಿಗೆ ಒಂದು ಪರಂಪರೆಯೇ ಆಯಿತು. ಈ ದಾರಿಯ ನಡುಭಾಗದಲ್ಲಿ ವರ್ಜೀನಿಯಾದ ಗಡಿಯಿಂದ ಹೊರಟು, ವೆಸ್ಟ್ ವರ್ಜೀನಿಯಾ ಮತ್ತು ಮೇರಿಲ್ಯಾಂಡ್‌ಗಳನ್ನು ದಾಟಿ, ಪೆನ್ಸಿಲ್ವೇನಿಯಾದ ನೆಲವನ್ನು 24 ಗಂಟೆಗಳೊಳಗೆ ಮುಟ್ಟುವ ಪಂಥವನ್ನು ನಡಿಗೆಯವರು ‘ಫೋರ್ ಸ್ಟೇಟ್ ಚಾಲೆಂಜ್’ ಎಂದು ಕರೆಯುತ್ತಾರೆ. ಅದರ ದೂರ ಹೆಚ್ಚುಕಡಿಮೆ 70 ಕಿಲೋಮೀಟರ್.

ಇದು ಸಾಧ್ಯವಾಗುವುದು ನಡೆಯುವವರ ಕಾಲಬಲದಿಂದ ಎಷ್ಟೋ, ಭೂಪಟದ ವಿಚಿತ್ರದಿಂದಲೂ ಅಷ್ಟೇ. ಪೋಟೋಮ್ಯಾಕ್ ಮತ್ತು ಶೆನಾಂಡೋವಾ ನದಿಗಳು ಕೂಡುವ ಹಾರ್ಪರ್ಸ್ ಫೆರ್ರಿ ಎಂಬ ಊರಿನ ಸುತ್ತ ಮೂರು ರಾಜ್ಯಗಳ ಅಂಚುಗಳು ಒತ್ತಿಕೊಂಡು ಬಂದಿವೆ. ವೆಸ್ಟ್ ವರ್ಜೀನಿಯಾದ ಚಾಚಿದ ತುದಿಯೊಂದು ಅಲ್ಲಿ ನದಿಯವರೆಗೆ ಇಳಿದಿದೆ. ಅದರಾಚೆ ಮೇರಿಲ್ಯಾಂಡ್ ಉದ್ದಕ್ಕೆ ಮಲಗಿದ ಕಿರಿದಾದ ಪಟ್ಟಿಯಾಗಿದೆ. ನಸುಕಿಗಿಂತ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ಗಡಿಯ ಬೆಟ್ಟದ ನೆತ್ತಿಯಿಂದ ಇಳಿದವರು ಹೊತ್ತು ಏರುವುದರೊಳಗೆ ವೆಸ್ಟ್ ವರ್ಜೀನಿಯಾವನ್ನು ಮುಗಿಸಿ, ರೈಲುಸೇತುವೆಗೆ ಹೊಂದಿಸಿದ ಕಾಲುಸಂಕದ ಮೇಲೆ ಪೋಟೋಮ್ಯಾಕನ್ನು ದಾಟಿ, ಹಳೆಯ ಕಾಲುವೆಯ ದಂಡೆಗುಂಟ ಸಾಗಿ, ವೆವರ್ಟನ್ ಬಂಡೆಯ ಏರನ್ನು ಹತ್ತುತ್ತಾರೆ. ಅಲ್ಲಿಂದ ಮುಂದೆ ಇಡೀ ದಿನದ ನಡಿಗೆಯೆಲ್ಲ ಒಂದೇ ಸಾಲಿನ ಮೇಲೆ, ಒಂದೇ ರಾಜ್ಯದಲ್ಲಿ. ಒಟ್ಟು ದೂರದ ಬಹುಪಾಲನ್ನು ಮೇರಿಲ್ಯಾಂಡ್ ಒಂದೇ ನುಂಗಿಕೊಳ್ಳುತ್ತದೆ. ಕೊನೆಗೆ ಕಲ್ಲುಗಳ ನಡುವಿನ ಕಷ್ಟದ ಇಳಿಜಾರನ್ನು ದಾಟಿ ಪೆನ್ ಮಾರ್ ಎಂಬಲ್ಲಿ ಮೇಸನ್-ಡಿಕ್ಸನ್ ಗೆರೆಯನ್ನು ತುಳಿದಾಗ ನಾಲ್ಕನೆಯ ರಾಜ್ಯ ದಕ್ಕುತ್ತದೆ. ಚಾರ್ಲ್ಸ್ ಮೇಸನ್ ಮತ್ತು ಜೆರೆಮಾಯಾ ಡಿಕ್ಸನ್ ಎಂಬ ಇಬ್ಬರು ಇಂಗ್ಲಿಷ್ ಮೋಜಣಿದಾರರು 1763ರಿಂದ 1767ರವರೆಗೆ ಅಳೆದು ಹಾಕಿದ ಗಡಿ ಅದು.

ಈ ನಾಲ್ಕು ರಾಜ್ಯಗಳ ನಡುವಿನ ಗಡಿಗಳಲ್ಲಿ ಅತ್ಯಂತ ಹೊಸದು 1863ರದು. ಅಂತರ್ಯುದ್ಧದ ನಡುವೆ ವರ್ಜೀನಿಯಾದಿಂದ ಒಡೆದು ವೆಸ್ಟ್ ವರ್ಜೀನಿಯಾ ಬೇರೆ ರಾಜ್ಯವಾದದ್ದು ಆ ವರ್ಷ. ಅಂದರೆ ಮೊದಲು ಗಡಿಗಳು ನಿಂತವು, ಅವು ಅಲುಗದೆ ಉಳಿದವು, ಮುಕ್ಕಾಲು ಶತಮಾನದ ಬಳಿಕ ಅವುಗಳ ಮೇಲೆ ದಾರಿಯನ್ನು ಹಾಸಲಾಯಿತು. ರಾಜ್ಯಗಳನ್ನು ಎಣಿಸುವ ಆಟ ಅಲ್ಲಿ ಅರ್ಥಪೂರ್ಣವಾಗುವುದು ಈ ಕ್ರಮದಿಂದಲೇ. ಶ್ರೀಶೈಲದ ದಾರಿಯಲ್ಲಿ ಈ ಕ್ರಮ ಪೂರ್ತಿ ತಿರುಗುಮುರುಗಾಗಿದೆ.

ಕಂಬಿ, ಬುತ್ತಿ, ದಾಸೋಹ

ಮಸೂತಿಯ ಸುತ್ತಲಿನದು ಕರಿಮಣ್ಣಿನ ಬಯಲು. ಇಂದು ಅದರ ದಿಗಂತದಲ್ಲಿ ಕೂಡಗಿಯ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ, ಕೃಷ್ಣೆಯ ಹಿನ್ನೀರನ್ನು ಮೇಲೆತ್ತುವ ಏತ ನೀರಾವರಿಯ ಕಾಲುವೆಗಳೂ ಈ ಭಾಗವನ್ನು ಮುಟ್ಟಿವೆ. ಆದರೆ ಈ ಸೀಮೆಯ ಪಂಚಾಂಗವನ್ನು ಬಹುಕಾಲ ನಿರ್ಧರಿಸಿದ್ದು ಹಿಂಗಾರಿ ಬಿಳಿಜೋಳ. ಫಾಲ್ಗುಣದ ಹೊತ್ತಿಗೆ ಜೋಳದ ರಾಶಿ ಮುಗಿದು ಕಣಜ ತುಂಬಿರುತ್ತದೆ, ಮುಂಗಾರಿಗೆ ಇನ್ನೂ ಎರಡು ತಿಂಗಳು ಬಾಕಿ ಇರುತ್ತದೆ. ದುಡಿಯುವ ಮೈಗೆ ಬಿಡುವು ಸಿಗುವ ಈ ಸಂದಿಯಲ್ಲಿಯೇ ಯುಗಾದಿ ಬರುವುದರಿಂದ ಹದಿನೈದು ಇಪ್ಪತ್ತು ದಿನಗಳ ನಡಿಗೆ ಒಕ್ಕಲುತನದವರಿಗೆ ಸಾಧ್ಯವಾಗುತ್ತದೆ. ಬಿಸಿಲಿನ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ, ಏಕೆಂದರೆ ರಾಯಚೂರಿನ ಬಯಲಿನಲ್ಲಿ ಆ ಹೊತ್ತಿಗಾಗಲೇ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ. ಆದ್ದರಿಂದ ನಡಿಗೆ ನಸುಕಿನಲ್ಲಿ ಆರಂಭವಾಗಿ, ಹೊತ್ತು ನೆತ್ತಿಗೇರುವ ಮುನ್ನ ನಿಂತು, ಸಂಜೆ ಮತ್ತೆ ಮುಂದುವರಿದು ಇರುಳಿನವರೆಗೂ ಸಾಗುತ್ತದೆ.

ಗುಂಪಿನ ಮುಂದೆ ಸಾಗುವುದು ಕಂಬಿ. ಹೆಗಲ ಮೇಲೆ ಅಡ್ಡಲಾಗಿ ಹೊರುವ, ಬಟ್ಟೆ ಮತ್ತು ಹೂವುಗಳಿಂದ ಸಿಂಗರಿಸಿದ ಈ ಕೋಲನ್ನು ಮಲ್ಲಯ್ಯನ ಪ್ರತಿನಿಧಿಯೆಂದೇ ಭಾವಿಸಲಾಗುತ್ತದೆ. ಅದು ತಂಗಿದ ಊರಿನಲ್ಲಿ ಪೂಜೆ, ಭಜನೆ, ಪ್ರಸಾದ ನಡೆಯುತ್ತವೆ, ಯಾತ್ರೆ ಮುಗಿಸಿ ಮರಳಿದ ಮೇಲೆ ಹಲವು ಊರುಗಳಲ್ಲಿ ‘ಐದೇಶಿ’ ಎಂಬ ಹೆಸರಿನಲ್ಲಿ ಜಾತ್ರೆಯೇ ಆಗುತ್ತದೆ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು, ಎಂದರೆ ನೆಲಕ್ಕಿಂತ ಎತ್ತರದಲ್ಲಿ ಮೆಟ್ಟಿಲಿರುವ ಎರಡು ಗಳುಗಳ ಮೇಲೆ ನಿಂತು, ಉಳಿದವರು ನಡೆಯುವ ದಾರಿಯನ್ನೇ ಕ್ರಮಿಸುತ್ತಾರೆ. ಬುತ್ತಿಯಲ್ಲಿ ಇರುವುದು ತಿಂಗಳವರೆಗೂ ಕೆಡದ ಜೋಳದ ಮತ್ತು ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ನೀರಿನ ಪೀಪಾಯಿ, ಹಾಸಿಗೆ, ಒಲೆ ಹೊತ್ತ ಟ್ರ್ಯಾಕ್ಟರೊಂದು ಈಗ ಬಹುತೇಕ ಗುಂಪುಗಳ ಹಿಂದೆ ಬರುತ್ತದೆ. ಅಂಗಾಲಿನಲ್ಲಿ ನೀರುಗುಳ್ಳೆ ಎದ್ದರೆ ಸೂಜಿಯಿಂದ ದಾರ ಹಾಯಿಸಿ, ನೀರು ಸೋರಿಹೋಗುವಂತೆ ದಾರವನ್ನು ಅಲ್ಲಿಯೇ ಬಿಟ್ಟು, ಬೇವಿನೆಣ್ಣೆ ಸವರಿ ನಡೆಯುವುದು ಹಳಬರ ಉಪಾಯ.

ಇಷ್ಟು ಜನ ಇಷ್ಟು ದೂರ ನಡೆಯುವುದನ್ನು ಸಾಧ್ಯವಾಗಿಸಿರುವ ವ್ಯವಸ್ಥೆಯ ಹೆಸರು ದಾಸೋಹ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ: ತನ್ನ ದುಡಿಮೆಯ ಪಾಲನ್ನು ಎದುರಿಗೆ ಬಂದವರಿಗೆ ಋಣಭಾವದಿಂದ ಒಪ್ಪಿಸುವುದು ಅದರ ತಿರುಳು. ದಾರಿಯುದ್ದಕ್ಕೂ ಊರವರು ಪೆಂಡಾಲು ಹಾಕಿ ಊಟ, ಮಜ್ಜಿಗೆ, ಕಲ್ಲಂಗಡಿ ಹೋಳು ಹಂಚುತ್ತಾರೆ. ಔಷಧ ಅಂಗಡಿಯವರು ಮುಲಾಮು, ಪಟ್ಟಿ ತಂದು ಕೂರುತ್ತಾರೆ. ಅಪರಿಚಿತರ ಕಾಲಿಗೆ ಬಿಸಿನೀರು ಹಾಕಿ ಎಣ್ಣೆ ತಿಕ್ಕುವ ಹರೆಯದವರು ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಯುಗಾದಿಯ ಮುಂಚಿನ ದಿನಗಳಲ್ಲಿ ಕಾಣಸಿಗುತ್ತಾರೆ. ತಾನು ನಡೆಯಲಾಗದವನು ನಡೆಯುವವರ ಸೇವೆ ಮಾಡಿದರೆ ಅದೂ ಯಾತ್ರೆಯೇ ಎಂಬ ನಂಬಿಕೆ ಇದರ ಹಿಂದಿದೆ.

ಎರಡು ನದಿಗಳ ನಡುವೆ

ಬಾಗೇವಾಡಿ, ಮುದ್ದೇಬಿಹಾಳದ ಕಡೆಯಿಂದ ಹೊರಟವರು ಕೃಷ್ಣೆಯನ್ನು ದಾಟಿ ಲಿಂಗಸುಗೂರು, ಕವಿತಾಳ, ಸಿರವಾರಗಳ ಮಾರ್ಗವಾಗಿಯೂ, ಸಿಂದಗಿಯ ಕಡೆಯವರು ತಾಳಿಕೋಟೆ, ಹುಣಸಗಿ, ತಿಂಥಣಿ ಸೇತುವೆ, ದೇವದುರ್ಗಗಳ ಮಾರ್ಗವಾಗಿಯೂ ರಾಯಚೂರಿನತ್ತ ಸಾಗಬಹುದು. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಗಿಲ್ಲೇಸುಗೂರಿನ ಮೇಲೆ ಹಾಯ್ದು ಮಂತ್ರಾಲಯದ ಬಳಿ ತುಂಗಭದ್ರೆಯನ್ನು ದಾಟುವವರು ಕರ್ನಾಟಕದಿಂದ ನೇರವಾಗಿ ಆಂಧ್ರಪ್ರದೇಶಕ್ಕೆ ಕಾಲಿಡುತ್ತಾರೆ. ಐಜಾ, ಶಾಂತಿನಗರ, ಆಲಂಪುರಗಳ ಕಡೆಯಿಂದ ಕರ್ನೂಲನ್ನು ಸೇರುವವರು ನಡುವೆ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯನ್ನು ಹಾಯುತ್ತಾರೆ. ರಾಯಚೂರು ತಾಲ್ಲೂಕಿನ ತುದಿಯಲ್ಲಿ, ಮಂತ್ರಾಲಯಕ್ಕಿಂತ ಕೆಳಗೆ, ತುಂಗಭದ್ರೆಯ ಪಾತ್ರದಲ್ಲಿಯೇ ಮೂರು ರಾಜ್ಯಗಳ ಗಡಿಗಳು ಸಂಧಿಸುತ್ತವೆ. ಅಮೆರಿಕದವರಂತೆ ಎಣಿಸಲು ಹೊರಟವರಿಗೆ ಕರ್ನಾಟಕದ ಕಡೆಯ ಹಳ್ಳಿ, ತೆಲಂಗಾಣದ ದಂಡೆ, ಆಂಧ್ರದ ದಂಡೆ ಮೂರೂ ಅಲ್ಲಿ ಒಂದು ಹಗಲಿನ ನಡಿಗೆಯ ಅಳತೆಯೊಳಗೇ ಇವೆ.

ಆದರೆ ಈ ಎಣಿಕೆಗೆ ಸಿಗುವ ಉತ್ತರ ಕಾಲದಿಂದ ಕಾಲಕ್ಕೆ ಬದಲಾಗಿದೆ. 1940ರಲ್ಲಿ ಮಸೂತಿಯಿಂದ ಹೊರಟ ಯಾತ್ರಿಕನು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯ ಪ್ರಜೆ. ಲಿಂಗಸುಗೂರಿನ ಸೀಮೆಯನ್ನು ಹೊಕ್ಕರೆ ಅವನಿರುವುದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ, ಅಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ ಎಂಬ ಬೇರೆಯೇ ರೂಪಾಯಿ. ತುಂಗಭದ್ರೆಯನ್ನು ದಾಟಿದರೆ ಮದರಾಸು ಪ್ರಾಂತದ ಕರ್ನೂಲು ಜಿಲ್ಲೆ. ಒಬ್ಬ ದೊರೆ, ಎರಡು ಬ್ರಿಟಿಷ್ ಪ್ರಾಂತಗಳು, ಎರಡು ಬಗೆಯ ನಾಣ್ಯ. 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರ್ಪಟ್ಟು ಆಂಧ್ರ ರಾಜ್ಯ ಹುಟ್ಟಿ, ಯಾತ್ರಿಕರ ತಂಗುದಾಣವಾಗಿದ್ದ ಕರ್ನೂಲು ಮೂರು ವರ್ಷ ಅದರ ರಾಜಧಾನಿಯಾಯಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬಿಜಾಪುರ ಮತ್ತು ರಾಯಚೂರು ಎರಡೂ ಮೈಸೂರು ರಾಜ್ಯಕ್ಕೆ ಸೇರಿ ಅವುಗಳ ನಡುವಿನ ಗಡಿ ಅಳಿಯಿತು. ಅದೇ ದಿನ ರಾಯಚೂರು ಜಿಲ್ಲೆಯ ಭಾಗವಾಗಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋಗಿ, ಹಿಂದೆ ಗಡಿಯೇ ಇಲ್ಲದಿದ್ದ ಹೊಲಗಳ ನಡುವೆ ಹೊಸ ಗಡಿ ಮೂಡಿತು. 2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕವಾದಾಗ ಅಲ್ಲಿಯವರೆಗೆ ರಾಜ್ಯದೊಳಗಿನ ನದಿಯಾಗಿದ್ದ ಕರ್ನೂಲಿನ ಬಳಿಯ ತುಂಗಭದ್ರೆ ಮತ್ತೆ ಗಡಿಯಾಯಿತು. ಒಬ್ಬನೇ ಮನುಷ್ಯನ ಆಯುಷ್ಯದೊಳಗೆ ಈ ದಾರಿಯ ಮೇಲೆ ಗಡಿಗಳು ಇಷ್ಟು ಸಲ ಬಂದು ಹೋಗಿವೆ, ದಾರಿ ಮಾತ್ರ ಇದ್ದಲ್ಲಿಯೇ ಇದೆ.

ದಾರಿಯ ಪ್ರಾಚೀನತೆಗೆ ಆಲಂಪುರವೇ ಸಾಕ್ಷಿ. ಶ್ರೀಶೈಲಕ್ಕೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಮಹಾದ್ವಾರಗಳನ್ನು ಹೇಳುವ ಸಂಪ್ರದಾಯವಿದೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಪಶ್ಚಿಮದ ಈ ಬಾಗಿಲಲ್ಲಿ ತುಂಗಭದ್ರೆಯ ದಂಡೆಯ ಮೇಲೆ ನಿಂತಿರುವ ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರು ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಕಟ್ಟಿಸಿದವು. ಮಲಪ್ರಭೆಯ ಬಯಲಿನ ಅರಸರು ಅಷ್ಟು ದೂರದಲ್ಲಿ ಒಂಬತ್ತು ಗುಡಿಗಳ ಸಮುಚ್ಚಯವನ್ನು ನಿಲ್ಲಿಸಿದರೆಂದರೆ ಇಂದಿನ ಬಾಗಲಕೋಟೆ, ವಿಜಯಪುರದ ಕಡೆಯಿಂದ ಅತ್ತ ಜನರ ಓಡಾಟ ಆಗಲೇ ಇತ್ತೆಂದು ಊಹಿಸಬಹುದು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳೆಂಬ ನಂಬಿಕೆ ಈ ಓಡಾಟಕ್ಕೆ ಕನ್ನಡದ ಮನಸ್ಸಿನಲ್ಲಿ ಶಾಶ್ವತವಾದ ಅರ್ಥವನ್ನು ಕೊಟ್ಟಿತು.

ನಲ್ಲಮಲದ ಒಳಗೆ

ಕರ್ನೂಲಿನಿಂದ ನಂದಿಕೊಟ್ಕೂರು, ಆತ್ಮಕೂರುಗಳನ್ನು ಕಳೆದ ಮೇಲೆ ಡಾಂಬರು ರಸ್ತೆ ತನ್ನ ಪಾಡಿಗೆ ತಾನು ಸುತ್ತಿಕೊಂಡು ಹೋಗುತ್ತದೆ. ಕಾಲ್ನಡಿಗೆಯವರು ವೆಂಕಟಾಪುರದ ಬಳಿ ಅಡವಿಯನ್ನು ಹೊಕ್ಕು ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸದ್ವಾರ, ಹಾಟಕೇಶ್ವರಗಳ ಹಳೆಯ ಹಾದಿಯನ್ನು ಹಿಡಿಯುತ್ತಾರೆ. ನಲವತ್ತು ಕಿಲೋಮೀಟರಿಗೂ ಮಿಗಿಲಾದ ಈ ಹಾದಿಯ ನಾಗಲೂಟಿಯಲ್ಲಿ ವೀರಭದ್ರನ ಗುಡಿಯಿದೆ, ಅಲ್ಲಿಂದ ಏರು ಆರಂಭವಾಗುತ್ತದೆ. ಪೆಚ್ಚೆರುವಿನಲ್ಲಿ ದೊಡ್ಡ ಕೆರೆಯೂ ಚೆಂಚುಗಳ ಹಟ್ಟಿಯೂ ಇವೆ. ನಲ್ಲಮಲದ ಮೂಲನಿವಾಸಿಗಳಾದ ಚೆಂಚುಗಳು ಮಲ್ಲಿಕಾರ್ಜುನನನ್ನು ತಮ್ಮ ಕುಲದ ಅಳಿಯನೆಂದು ಭಾವಿಸಿ ಚೆಂಚು ಮಲ್ಲಯ್ಯನೆಂದು ಕರೆಯುತ್ತಾರೆ. ಭೀಮನ ಕೊಳ್ಳದಲ್ಲಿ ಹಾದಿ ಆಳವಾದ ಕಮರಿಗೆ ಇಳಿದು, ಎದುರಿನ ಕಡಿದಾದ ಗೋಡೆಯನ್ನು ಕಲ್ಲಿನ ಮೆಟ್ಟಿಲುಗಳ ಮೇಲೆ ಏರುತ್ತದೆ. ನೂರಾರು ಕಿಲೋಮೀಟರು ಸಪಾಟು ನೆಲದಲ್ಲಿ ನಡೆದು ಬಂದ ಬಯಲುಸೀಮೆಯ ಕಾಲಿಗೆ ನಿಜವಾದ ಪರೀಕ್ಷೆ ಇಲ್ಲಿಯದು. ಹದಿನಾಲ್ಕನೆಯ ಶತಮಾನದಲ್ಲಿ ಕೊಂಡವೀಡಿನ ರೆಡ್ಡಿ ಮನೆತನದ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ. ಯಾತ್ರಿಕರ ಕಾಲಿನ ಕಷ್ಟವನ್ನು ರಾಜ್ಯವು ತನ್ನ ಹೊಣೆಯೆಂದು ಬಗೆದುದಕ್ಕೆ ಅದು ಹಳೆಯ ನಿದರ್ಶನ.

ಈ ಅಡವಿ ಹುಲಿಯದೂ ಹೌದು. 1983ರಲ್ಲಿ ಹುಲಿ ಯೋಜನೆಗೆ ಸೇರಿದ ನಾಗಾರ್ಜುನಸಾಗರ-ಶ್ರೀಶೈಲಂ ಸಂರಕ್ಷಿತ ಪ್ರದೇಶವನ್ನು 2014ರ ವಿಭಜನೆ ಎರಡಾಗಿಸಿ, ಕೃಷ್ಣೆಯ ಉತ್ತರದ ಭಾಗ ತೆಲಂಗಾಣದ ಅಮ್ರಾಬಾದ್ ಹುಲಿ ಮೀಸಲು ಪ್ರದೇಶವಾಯಿತು. ಶಿವರಾತ್ರಿ ಮತ್ತು ಯುಗಾದಿಯ ದಿನಗಳಲ್ಲಿ ಅರಣ್ಯ ಇಲಾಖೆ ಕಾಲ್ನಡಿಗೆಯವರಿಗೆ ಹಾದಿಯನ್ನು ಬಿಟ್ಟುಕೊಡುತ್ತದೆ. ಪ್ಲಾಸ್ಟಿಕ್, ಬೆಂಕಿ, ಇರುಳಿನ ಸಂಚಾರಗಳ ಮೇಲೆ ನಿರ್ಬಂಧ ಹೇರುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಎಲೆಯುದುರುವ ಕಾಡಿನಲ್ಲಿ ಒಂದು ಬೀಡಿಯ ತುಂಡು ಏನು ಮಾಡಬಲ್ಲದೆಂಬುದನ್ನು ನೋಡಿದರೆ ಈ ನಿರ್ಬಂಧ ಅತಿಯೆನಿಸುವುದಿಲ್ಲ.

ಬೆಟ್ಟದ ಮೇಲೆ ಕನ್ನಡಿಗರಿಗೆ ಇರುವ ಸ್ಥಾನ ಬೇರೆ ರಾಜ್ಯದ ಅತಿಥಿಗಳದ್ದಲ್ಲ. ಉತ್ತರ ಕರ್ನಾಟಕದ ಭಕ್ತರು ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸುವುದರಿಂದ ಅವರು ತರುವ ಸೀರೆ, ಕುಪ್ಪಸ, ಅರಿಸಿನ ಕುಂಕುಮಗಳು ತವರಿನ ಉಡುಗೊರೆಗಳಾಗುತ್ತವೆ. ಯುಗಾದಿಯ ಹಿಂದಿನ ದಿನಗಳಲ್ಲಿ ನಡೆಯುವ ವೀರಾಚಾರದ ಆಚರಣೆಗಳಲ್ಲಿಯೂ ಅಗ್ನಿಗುಂಡದ ಪ್ರವೇಶದಲ್ಲಿಯೂ ಕನ್ನಡದ ಗಣಗಳೇ ಮುಂಚೂಣಿಯಲ್ಲಿರುತ್ತವೆ. ಚೆಂಚುಗಳು, ಕನ್ನಡಿಗರು ಇಬ್ಬರಿಗೂ ಒಬ್ಬನೇ ಅಳಿಯನಾಗಿರುವ ಈ ಬೀಗತನಕ್ಕೆ ರಾಜ್ಯದ ಗಡಿ ಅಡ್ಡಿಯಾದದ್ದಿಲ್ಲ.

ದಾರಿಯನ್ನು ಕಾಯುವವರು

ಹಾಗಾದರೆ ಗಡಿಗಳಿಗೆ ಈ ದಾರಿಯಲ್ಲಿ ಅರ್ಥವೇ ಇಲ್ಲವೆ ಎಂದರೆ, ಇದೆ. ಅದು ಭಕ್ತಿಯಲ್ಲಿ ಅಲ್ಲ, ಆಡಳಿತದಲ್ಲಿ. ಹೆದ್ದಾರಿಯ ಅಂಚಿನಲ್ಲಿ ಇರುಳು ನಡೆಯುವವರ ಸುರಕ್ಷತೆ ಪೊಲೀಸರದು, ಕುಡಿಯುವ ನೀರು ಪಂಚಾಯಿತಿಗಳದು, ಅಡವಿಯ ಹಾದಿ ಅರಣ್ಯ ಇಲಾಖೆಯದು, ಬೆಟ್ಟದ ವಸತಿ ದೇವಸ್ಥಾನದ್ದು, ಮರಳುವ ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಬಸ್ಸೊಂದನ್ನು ಬಿಟ್ಟರೆ ಇವೆಲ್ಲವೂ ತಮ್ಮ ತಮ್ಮ ರಾಜ್ಯದ ಎಲ್ಲೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಮಸೂತಿಯಿಂದ ಶ್ರೀಶೈಲದವರೆಗಿನ ಸುಮಾರು 400 ಕಿಲೋಮೀಟರು ನಡೆಯುವವನಿಗೆ ಒಂದೇ ದಾರಿ, ಕಾಗದದ ಮೇಲೆ ಅದು ಹಲವು ತುಂಡು.

ಅಮೆರಿಕದ ದಾರಿಯಿಂದ ಕಲಿಯಬೇಕಾದದ್ದು ಇಲ್ಲಿದೆ, ಒಂದು ದಿನದಲ್ಲಿ ನಾಲ್ಕು ರಾಜ್ಯ ಮುಟ್ಟುವ ಪಂಥದಲ್ಲಲ್ಲ. ಅಪಲಾಚಿಯನ್ ದಾರಿಯ ನಿರ್ವಹಣೆಗೆಂದು 1925ರಲ್ಲಿಯೇ ಒಂದು ಸಂಸ್ಥೆ ಹುಟ್ಟಿತು, ಅದರ ಕೇಂದ್ರ ಇಂದು ಆ ಹಾರ್ಪರ್ಸ್ ಫೆರ್ರಿಯಲ್ಲಿಯೇ ಇದೆ. 1968ರ ರಾಷ್ಟ್ರೀಯ ಟ್ರೇಲ್ ವ್ಯವಸ್ಥೆ ಕಾಯ್ದೆ ಆ ದಾರಿಗೆ ಕೇಂದ್ರ ಸರ್ಕಾರದ ರಕ್ಷಣೆಯನ್ನು ಕೊಟ್ಟಿತು. ಕೆಲಸವನ್ನು ಮಾಡುವವರು ಮಾತ್ರ ಸ್ಥಳೀಯ ಸ್ವಯಂಸೇವಕರ ಕ್ಲಬ್ಬುಗಳು. ತಮ್ಮ ಪಾಲಿಗೆ ಬಂದ ಅಷ್ಟು ದೂರದಲ್ಲಿ ಬಿದ್ದ ಮರ ಸರಿಸುವುದು, ಮರಗಳ ಮೇಲೆ ದಾರಿ ತೋರುವ ಬಿಳಿಯ ಗುರುತನ್ನು ಮತ್ತೆ ಬಳಿಯುವುದು, ತಂಗುದಾಣಗಳನ್ನು ದುರಸ್ತಿ ಮಾಡುವುದು ಅವರ ಹೊಣೆ. ಕ್ಲಬ್ಬುಗಳು ಅಲ್ಲಿ ವರ್ಷವಿಡೀ ಮಾಡುವುದನ್ನು ದಾಸೋಹದ ಸಮಿತಿಗಳು ಇಲ್ಲಿ ಯುಗಾದಿಯ ಹಂಗಾಮಿನಲ್ಲಿ, ಕಾಯ್ದೆಯ ಹೆಸರೂ ಕೇಳದೆ, ತಲೆಮಾರುಗಳಿಂದ ಮಾಡುತ್ತಿವೆ. ಅಲ್ಲಿ ಇದ್ದು ಇಲ್ಲಿ ಇಲ್ಲದಿರುವುದು ತುಂಡುಗಳನ್ನು ಜೋಡಿಸುವ ಕೊಂಡಿ: ಕೃಷ್ಣೆಯಿಂದ ನಲ್ಲಮಲದವರೆಗೆ ನೆರಳು, ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ, ಕಸದ ವಿಲೇವಾರಿಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ, ರಾಜ್ಯಗಳು ಕೂಡಿ ಯುಗಾದಿಗೆ ಮುನ್ನವೇ ಸಿದ್ಧಪಡಿಸುವ ಏರ್ಪಾಡು. ರಸ್ತೆಗಳು ಅಗಲವಾಗಿ ವಾಹನಗಳ ವೇಗ ಹೆಚ್ಚಿರುವ, ನೆರಳಿನ ಬೇವು ಹುಣಸೆಗಳು ರಸ್ತೆ ವಿಸ್ತರಣೆಗೆ ಬಲಿಯಾಗಿರುವ ಈ ಕಾಲದಲ್ಲಿ ಅದರ ಅಗತ್ಯ ಹಿಂದಿಗಿಂತ ಹೆಚ್ಚು.

ಗಡಿಗಳು ಮುಂದೆಯೂ ಸರಿಯಬಹುದು. ಕರ್ನೂಲು ಜಿಲ್ಲೆಯ ಆತ್ಮಕೂರು ಮತ್ತು ಶ್ರೀಶೈಲಗಳು 2022ರಲ್ಲಿ ಹೊಸ ನಂದ್ಯಾಲ ಜಿಲ್ಲೆಗೆ ಸೇರಿದ್ದು ಇತ್ತೀಚಿನ ಮಾತು. ಪ್ರೋಲಯ ವೇಮಾರೆಡ್ಡಿಯ ರಾಜ್ಯ ಎಂದೋ ಅಳಿದರೂ ಅವನ ಮೆಟ್ಟಿಲುಗಳ ಹಾದಿ ಇನ್ನೂ ಬಳಕೆಯಲ್ಲಿದೆ. ಈ ದಾರಿಯನ್ನು ಹಂಚಿಕೊಂಡಿರುವ ಇಂದಿನ ಸರ್ಕಾರಗಳು ತಮ್ಮ ಪಾಲಿನ ನೆಲದಲ್ಲಿ ಸಾಲುಮರ ನೆಟ್ಟು ಕೆರೆಬಾವಿಗಳನ್ನು ಉಳಿಸಿದರೆ, ಮುಂದೆ ಯಾವ ರಾಜ್ಯ ಯಾವ ಹೆಸರಿನಲ್ಲಿ ಬಂದರೂ ಆ ಕೆಲಸ ನಡೆಯುವವರ ಉಪಯೋಗಕ್ಕೆ ಬರುತ್ತದೆ.